ವಿದ್ಯಾರ್ಥಿಭೇದವೂ ಬೋಧನಕ್ರಮವೂ

ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಆತ್ರೇಯಿಯೆಂಬ ತಾಪಸಿಯೊಬ್ಬಳು ದಂಡಕಾರಣ್ಯಕ್ಕೆ ಬರುತ್ತಾಳೆ. ವಾಲ್ಮೀಕಿಯಂಥ ಗುರುವನ್ನು ಬಿಟ್ಟು ಇಷ್ಟು ದೂರ ಬಂದುದೇಕೆಂದು ವನದೇವತೆ ಕೇಳುತ್ತಾಳೆ. ಆಗ ಆತ್ರೇಯಿ ಹೇಳುವ ಕಾರಣಗಳಲ್ಲಿ ಒಂದು ನಮ್ಮ ಪ್ರಸ್ತುತ ವಿಷಯಕ್ಕೆ ತೀರ ಹತ್ತಿರದ್ದು. ಆಶ್ರಮದಲ್ಲಿ ಕುಶ ಲವರೆಂಬ ಇಬ್ಬರು ಬಾಲಕರು ಓದುತ್ತಿದ್ದಾರೆ. ಅವರ ಬುದ್ಧಿ ಅತಿತೀಕ್ಷ್ಣವಾದುದು. ಅವರೊಡನೆ ಕೂಡಿ ಪಾಠ ಕಲಿಯುವುದು ತನ್ನಂಥವರಿಂದಾಗದು. ಗುರುವು ಜಾಣನಿಗೂ ಮಂದನಿಗೂ ಸಮನಾಗಿಯೇ ವಿದ್ಯೆಯನ್ನು ಕೊಡುತ್ತಾನೆ, ಫಲ ಮಾತ್ರ ಸಮನಾಗುವುದಿಲ್ಲ ಎಂಬ ಅಭಿಪ್ರಾಯವನ್ನೂ ಅವಳು ಅಲ್ಲಿಯೇ ಹೇಳುತ್ತಾಳೆ. ಈ ಅಭಿಪ್ರಾಯವನ್ನು ಅಧ್ಯಾಪಕರಾದ ನಾವು ನಮ್ಮ ಸಮರ್ಥನೆಗಾಗಿ ಬಳಸಿಕೊಳ್ಳುವುದುಂಟು: ಪಾಠ ಹೇಳುವುದು ನಮ್ಮ ಕೆಲಸ, ಹಿಡಿಯುವುದು ಬಿಡುವುದು ಅವರವರ ಶಕ್ತಿ ಎಂದು. ಆದರೆ ಆ ಮಾತನ್ನು ನಾಟಕದಲ್ಲಿ ಆಡಿದವರು ಗುರುವಲ್ಲ, ತರಗತಿಯನ್ನು ಬಿಟ್ಟುಬಂದ ವಿದ್ಯಾರ್ಥಿನಿ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ನಮ್ಮ ಪದವಿ ತರಗತಿಗಳಲ್ಲಿ ಆತ್ರೇಯಿಯರು ಇಲ್ಲದಿಲ್ಲ. ಅವರಲ್ಲಿ ಕೆಲವರು ಕಾಲೇಜನ್ನೇ ಬಿಡುತ್ತಾರೆ. ಬಹುಮಂದಿ ಹಿಂದಿನ ಸಾಲಿನಲ್ಲಿ ಕುಳಿತೇ ಬಿಟ್ಟುಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರು ಇದ್ದಾರೆ, ಪಾಠದಲ್ಲಿಲ್ಲ. ಇವರನ್ನು ಮುಟ್ಟುವ ಉಪಾಯವೇನು? ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುವ ರೀತಿ ಬೇರೆ, ಆದುದರಿಂದ ಕಲಿಸುವ ರೀತಿಯೂ ಬೇರೆಯಾಗಬೇಕು ಎಂಬ ಉತ್ತರ ಈಗ ಎಲ್ಲ ಕಡೆಯಲ್ಲಿಯೂ ಕೇಳಿಬರುತ್ತಿದೆ. ಅಧ್ಯಾಪಕರ ಪುನಶ್ಚೇತನ ಶಿಬಿರಗಳಲ್ಲಿ ಇದು ಹೆಚ್ಚುಕಡಿಮೆ ಸಿದ್ಧಾಂತದ ಪದವಿಗೆ ಏರಿದೆ. ಈ ಉತ್ತರದಲ್ಲಿ ಅರ್ಧ ಸತ್ಯ, ಅರ್ಧ ಭ್ರಮೆ ಎಂದು ನಾವು ತಿಳಿದಿದ್ದೇವೆ. ಎರಡನ್ನೂ ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಹಳೆಯ ಸಂಗತಿ. ನಲವತ್ತು ಮಂದಿಯನ್ನೋ ತೊಂಬತ್ತು ಮಂದಿಯನ್ನೋ ಒಂದು ಕೋಣೆಯಲ್ಲಿ ಕೂಡಿಸಿ, ಎಲ್ಲರಿಗೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಹೇಳುವ ಪದ್ಧತಿ ನಮ್ಮಲ್ಲಿ ಬಹು ಪ್ರಾಚೀನವಾದುದೇನೂ ಅಲ್ಲ. ಕೂಲಿಮಠಗಳಲ್ಲಿ ಒಬ್ಬ ಹುಡುಗ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರೆ ಅವನ ಪಕ್ಕದವನು ಕಾಗುಣಿತ ಹೇಳುತ್ತಿದ್ದನು, ಮತ್ತೊಬ್ಬನು ಮಗ್ಗಿ ಒಪ್ಪಿಸುತ್ತಿದ್ದನು. ಮುಂದಿನ ಹಂತಕ್ಕೆ ಹೋಗುವುದು ಅವನವನ ಕಲಿಕೆಯನ್ನು ಅವಲಂಬಿಸಿತ್ತೇ ಹೊರತು ಪಂಚಾಂಗವನ್ನಲ್ಲ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ದೇಶೀಯ ಶಾಲೆಗಳ ವಿಚಾರಣೆಗೆ ಆಜ್ಞೆಮಾಡಿದಾಗ ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಬೆಲ್ಲನು ೧೮೨೩ರಲ್ಲಿ ಕಳುಹಿಸಿದ ವರದಿ ಪ್ರಸಿದ್ಧವಾಗಿದೆ. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ಆರೂವರೆ ಸಾವಿರಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳೂ ಇದ್ದರು. ಮುಂದೆ ಹೋದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಅವನು ಮನಸಾರೆ ಮೆಚ್ಚಿದನು. ಈ ಕ್ರಮವನ್ನು ಮದರಾಸಿನ ಅನಾಥಬಾಲಕರ ಶಾಲೆಯಲ್ಲಿ ಪ್ರಯೋಗಿಸಿದ ಆಂಡ್ರೂ ಬೆಲ್ ಎಂಬ ಪಾದ್ರಿ ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದ್ದನಾದ್ದರಿಂದ ಅದು ಇಂಗ್ಲೆಂಡಿಗೂ ಹೋಗಿತ್ತು. ಅದೇ ಕ್ಯಾಂಬೆಲ್ಲನು ಇನ್ನೊಂದು ಮಾತನ್ನೂ ಬರೆದಿದ್ದಾನೆ. ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಕಂಠಪಾಠ ಮಾಡುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂಬುದು ಅವನ ದೂರು. ಹಳೆಯದನ್ನು ಹೊಗಳುವವರು ಮೊದಲನೆಯ ಮಾತನ್ನು ಮಾತ್ರ ಎತ್ತಿಹೇಳುತ್ತಾರೆ. ಎರಡನ್ನೂ ಜೊತೆಯಲ್ಲಿ ಓದುವುದು ನ್ಯಾಯ. ವೇಗವನ್ನು ವಿದ್ಯಾರ್ಥಿಗೆ ಹೊಂದಿಸಿದ ಮಾತ್ರದಿಂದ ಅರ್ಥಗ್ರಹಣವಾಗುವುದಿಲ್ಲವೆಂಬುದು ಆಗಲೇ ಗೊತ್ತಿದ್ದ ವಿಷಯ.

ಇನ್ನು ಆಧುನಿಕ ಮನಶ್ಶಾಸ್ತ್ರದ ಕಡೆಗೆ ಬರೋಣ. ಬೋಧನಕ್ರಮಗಳನ್ನು ಹೋಲಿಸಿ ಸರಾಸರಿಯ ಮೇಲೆ ಯಾವುದು ಉತ್ತಮವೆಂದು ನೋಡುವವರು ಒಂದು ಪಂಗಡ, ವ್ಯಕ್ತಿವ್ಯಕ್ತಿಗಳ ಭೇದವನ್ನು ಅಳೆಯುವವರು ಇನ್ನೊಂದು ಪಂಗಡವಾಗಿ ಬಹುಕಾಲ ಬೇರೆ ಬೇರೆ ಕೆಲಸಮಾಡುತ್ತಿದ್ದರು. ಇವೆರಡೂ ಕೂಡಬೇಕೆಂದು ಅಮೆರಿಕದ ಲೀ ಕ್ರಾನ್‌ಬಾಕ್ ೧೯೫೭ರಲ್ಲಿ ಆ ದೇಶದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಕರೆಕೊಟ್ಟರು. ಎಲ್ಲರಿಗೂ ಉತ್ತಮವಾದ ಒಂದು ಕ್ರಮವನ್ನು ಹುಡುಕುವುದಕ್ಕೆ ಬದಲಾಗಿ ಇಂಥ ಯೋಗ್ಯತೆಯವನಿಗೆ ಇಂಥ ಕ್ರಮ ಎಂಬ ಹೊಂದಿಕೆಯನ್ನು ಹುಡುಕಬೇಕೆಂಬುದು ಅವರ ಆಶಯ. ಇಪ್ಪತ್ತು ವರ್ಷಗಳ ತರುವಾಯ, ೧೯೭೭ರಲ್ಲಿ, ಅವರು ರಿಚರ್ಡ್ ಸ್ನೋ ಅವರೊಡನೆ ಪ್ರಕಟಿಸಿದ ದೊಡ್ಡ ಗ್ರಂಥ ಈ ಹುಡುಕಾಟದ ಲೆಕ್ಕವನ್ನು ಒಪ್ಪಿಸುತ್ತದೆ. ನಿರೀಕ್ಷಿಸಿದ ಹೊಂದಿಕೆಗಳಲ್ಲಿ ಬಹುಪಾಲು ಗಟ್ಟಿಯಾಗಿ ನಿಲ್ಲಲಿಲ್ಲ. ಸ್ವಲ್ಪಮಟ್ಟಿಗೆ ನಿಂತದ್ದು ಒಂದು: ಸಿದ್ಧತೆ ಕಡಿಮೆಯಿರುವ ವಿದ್ಯಾರ್ಥಿಗಳಿಗೆ ಹೆಜ್ಜೆಹೆಜ್ಜೆಯಾಗಿ ಕೈಹಿಡಿದು ನಡೆಸುವ ಬೋಧನೆ ಹೆಚ್ಚು ಉಪಕಾರಿ, ಸಿದ್ಧತೆ ಹೆಚ್ಚಿರುವವರನ್ನು ಅಷ್ಟು ಬಿಗಿಯಾಗಿ ನಡೆಸಬೇಕಾಗಿಲ್ಲ.

ವಿನಯದಿಂದ ಕೂಡಿದ ಈ ನಿರ್ಣಯ ಜನಪ್ರಿಯವಾಗಲಿಲ್ಲ. ಜನಪ್ರಿಯವಾದದ್ದು ‘ಕಲಿಕೆಯ ಶೈಲಿ’ಯೆಂಬ ವಾದ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಕೈಯಾಡಿಸಿ ಕಲಿಯುವವರು. ಅವರವರ ಶೈಲಿಯನ್ನು ಒಂದು ಪ್ರಶ್ನಾವಳಿಯಿಂದ ತಿಳಿದು ಅದರಂತೆ ಪಾಠಮಾಡಿದರೆ ಎಲ್ಲರೂ ಮುಂದೆ ಬರುತ್ತಾರೆ ಎಂಬುದು ಇದರ ಸಾರ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ ಅವರ ೧೯೯೨ರ ಲೇಖನದಿಂದ ಪ್ರಚಾರಕ್ಕೆ ಬಂದ ‘ವಾರ್ಕ್’ ಪ್ರಶ್ನಾವಳಿಯು ಇದಕ್ಕೆ ಓದುಬರಹವೆಂಬ ನಾಲ್ಕನೆಯ ವರ್ಗವನ್ನು ಸೇರಿಸಿತು. ಡೇವಿಡ್ ಕೋಲ್ಬ್ ಅವರದು ಬೇರೊಂದು ಚತುರ್ವಿಧ ವಿಭಾಗ. ಫ್ರ್ಯಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ೨೦೦೪ರಲ್ಲಿ ಇಂಥ ವಿಭಾಗಕ್ರಮಗಳನ್ನು ಎಣಿಸಿದಾಗ ೭೧ ಸಿಕ್ಕಿದವು. ಒಂದೇ ವಸ್ತುವನ್ನು ಎಪ್ಪತ್ತೊಂದು ಬಗೆಯಾಗಿ ವಿಂಗಡಿಸಬಹುದಾದರೆ ಆ ವಿಂಗಡಣೆ ವಸ್ತುವಿನಲ್ಲಿರುವುದೋ ವಿಂಗಡಿಸುವವರಲ್ಲಿರುವುದೋ ಎಂಬ ಸಂಶಯ ಸಹಜವಾಗಿ ಏಳುತ್ತದೆ. ಆದರೂ ನಂಬಿಕೆ ಗಾಢವಾಗಿದೆ. ೨೦೧೨ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬ್ರಿಟನ್ನಿನ ಅಧ್ಯಾಪಕರಲ್ಲಿ ನೂರಕ್ಕೆ ೯೩ ಮಂದಿ, ನೆದರ್ಲೆಂಡಿನವರಲ್ಲಿ ನೂರಕ್ಕೆ ೯೬ ಮಂದಿ ಇದನ್ನು ಸತ್ಯವೆಂದು ಒಪ್ಪಿದರು.

ಈ ವಾದವನ್ನು ಪರೀಕ್ಷಿಸುವುದು ಹೇಗೆ? ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಹೋದ್ಯೋಗಿಗಳು ೨೦೦೮ರಲ್ಲಿ ಅದಕ್ಕೆ ಬೇಕಾದ ನಿಯಮವನ್ನು ಸ್ಪಷ್ಟವಾಗಿ ಹೇಳಿದರು. ಮೊದಲು ವಿದ್ಯಾರ್ಥಿಗಳನ್ನು ಶೈಲಿಯ ಪ್ರಕಾರ, ಕಣ್ಣಿನವರು ಕಿವಿಯವರು ಎಂದಿಟ್ಟುಕೊಳ್ಳೋಣ, ವಿಂಗಡಿಸಬೇಕು. ಆಮೇಲೆ ಪ್ರತಿಯೊಂದು ಗುಂಪಿನಲ್ಲಿಯೂ ಅರ್ಧ ಮಂದಿಗೆ ಚಿತ್ರದ ಪಾಠ, ಅರ್ಧ ಮಂದಿಗೆ ಮಾತಿನ ಪಾಠ ಬರುವಂತೆ ಚೀಟಿಯೆತ್ತಿ ಹಂಚಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆಯನ್ನು ಕೊಡಬೇಕು. ಕಣ್ಣಿನವರಿಗೆ ಚಿತ್ರದಿಂದಲೂ ಕಿವಿಯವರಿಗೆ ಮಾತಿನಿಂದಲೂ ಹೆಚ್ಚು ಫಲ ಬಂದರೆ ಮಾತ್ರ ವಾದ ಸಿದ್ಧವಾಯಿತು. ಎರಡು ಗುಂಪಿನವರಿಗೂ ಚಿತ್ರದ ಪಾಠವೇ ಹೆಚ್ಚು ಫಲಕಾರಿಯಾಯಿತೆನ್ನಿ. ಆಗ ಬರುವ ನಿರ್ಣಯ ಶೈಲಿಗೆ ಸಂಬಂಧಿಸಿದ್ದಲ್ಲ, ಆ ಪಾಠಕ್ಕೆ ಚಿತ್ರ ಅವಶ್ಯಕ ಎಂಬುದಷ್ಟೆ. ಈ ನಿಯಮಕ್ಕೆ ಒಳಪಟ್ಟ ಪ್ರಯೋಗಗಳು ಅತಿ ವಿರಳವೆಂದೂ, ಇದ್ದವುಗಳಲ್ಲಿ ಹಲವು ವಾದಕ್ಕೆ ವಿರುದ್ಧವಾಗಿಯೇ ಇದ್ದುವೆಂದೂ ಅವರು ಕಂಡರು. ಅನಂತರ ೨೦೧೫ರಲ್ಲಿ ಬೆತ್ ರೊಗೌಸ್ಕಿ ಮೊದಲಾದವರು ಒಂದು ಪುಸ್ತಕದ ಭಾಗಗಳನ್ನು ವಯಸ್ಕರಲ್ಲಿ ಕೆಲವರಿಗೆ ಕೇಳಿಸಿ ಕೆಲವರಿಂದ ಓದಿಸಿ, ಕೂಡಲೇ ಒಮ್ಮೆ, ಎರಡು ವಾರಗಳ ಬಳಿಕ ಒಮ್ಮೆ ಪರೀಕ್ಷಿಸಿದರು. ಅವರವರು ಮೆಚ್ಚಿದ ಶೈಲಿಗೂ ತಿಳಿದುಕೊಂಡ ಮೊತ್ತಕ್ಕೂ ಸಂಬಂಧ ಕಾಣಲಿಲ್ಲ. ಇಂಡಿಯಾನದ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳನ್ನು ಕುರಿತು ೨೦೧೯ರಲ್ಲಿ ಬಂದ ವರದಿ ಇನ್ನೂ ಸ್ವಾರಸ್ಯವಾಗಿದೆ: ತಮ್ಮ ಶೈಲಿ ಇಂಥದೆಂದು ತಿಳಿದ ಮೇಲೂ ಬಹುಮಂದಿ ಅದರಂತೆ ಓದಲಿಲ್ಲ, ಅದರಂತೆ ಓದಿದವರಿಗೆ ಹೆಚ್ಚು ಅಂಕಗಳೂ ಬರಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ನಮಗೆ ತೋರುತ್ತದೆ. ಪ್ರಶ್ನಾವಳಿ ಕೇಳುವುದು ನಿನಗೆ ಯಾವುದು ಹಿತ ಎಂದು. ಹಿತವಾದದ್ದೆಲ್ಲ ಮೈಗೆ ಹತ್ತುವುದೆಂಬ ನಿಯಮವಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾವ ಇಂದ್ರಿಯದ ಮೂಲಕ ಕಲಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಲಿಯುವವನ ಸ್ವಭಾವವಲ್ಲ, ಕಲಿಯುವ ವಸ್ತು. ಭಾರತದ ನಕ್ಷೆಯನ್ನು ಕಿವಿಯಿಂದ ಕಲಿಯಲು ಹೊರಟರೆ ಯಾರಿಗೂ ಶ್ರಮವೇ.

ನಮ್ಮ ಕನ್ನಡ ತರಗತಿಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಭಾಮಿನೀ ಷಟ್ಪದಿಯ ಲಕ್ಷಣವನ್ನು ಪದವಿಯ ಮೊದಲ ವರ್ಷದಲ್ಲಿ ಹೇಳುತ್ತೇವೆ. ಆರು ಪಾದಗಳು, ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ಗಣಗಳು ಸೇರಿ ೧೪ ಮಾತ್ರೆ, ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು ೨೩ ಮಾತ್ರೆ. ‘ಮಳೆಯು ಬಂದಿತು ಕೆರೆಯು ತುಂಬಿತು’ ಎಂದು ನಾವೇ ಒಂದು ಪಾದವನ್ನು ಕಟ್ಟಿ ಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕುತ್ತೇವೆ. ‘ಮಳೆಯು’ ಮೂರು ಲಘು, ‘ಬಂದಿತು’ ಎಂಬಲ್ಲಿ ಬಿಂದುವಿರುವ ಮೊದಲ ಅಕ್ಷರ ಗುರು, ಉಳಿದೆರಡು ಲಘು, ಅಲ್ಲಿಗೆ ನಾಲ್ಕು, ಮುಂದೆಯೂ ಹಾಗೆಯೇ. ಶೈಲಿವಾದದ ಪ್ರಕಾರ ಕಿವಿಯ ವಿದ್ಯಾರ್ಥಿಗೆ ಇದನ್ನು ಹಾಡಿ ತೋರಿಸಬೇಕು, ಕಣ್ಣಿನ ವಿದ್ಯಾರ್ಥಿಗೆ ಪ್ರಸ್ತಾರ ಹಾಕಿ ತೋರಿಸಬೇಕು, ಕೈಯ ವಿದ್ಯಾರ್ಥಿಯಿಂದ ತಾಳ ಹಾಕಿಸಬೇಕು. ಹೀಗೆ ಹಂಚಿದರೆ ಮೂವರಲ್ಲಿ ಒಬ್ಬನಿಗೂ ಷಟ್ಪದಿ ಬರುವುದಿಲ್ಲ. ಪ್ರಸ್ತಾರವನ್ನು ಮಾತ್ರ ಬಲ್ಲವನು ಲೆಕ್ಕವನ್ನು ಸರಿಯಾಗಿ ಮಾಡಿ ಪದ್ಯವನ್ನು ಗದ್ಯದಂತೆ ಓದುತ್ತಾನೆ. ಲಯವನ್ನು ಮಾತ್ರ ಹಿಡಿದವನು ಚೆನ್ನಾಗಿ ಹಾಡುತ್ತಾನೆ, ಹಸ್ತಪ್ರತಿಯಲ್ಲಿ ಒಂದು ಮಾತ್ರೆ ತಪ್ಪಿದ್ದರೆ ರಾಗವನ್ನೆಳೆದು ಮುಚ್ಚಿಬಿಡುತ್ತಾನೆ, ತಪ್ಪು ಎಲ್ಲಿದೆಯೆಂದು ತೋರಿಸಲಾರ. ಛಂದಸ್ಸು ಕಿವಿಗೂ ಕಣ್ಣಿಗೂ ಒಟ್ಟಿಗೆ ಸೇರಿದ ವಸ್ತು. ಎಲ್ಲರಿಗೂ ಎರಡೂ ಬೇಕು.

ಹಾಗಾದರೆ ಷಟ್ಪದಿಯ ತರಗತಿಯಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಎನ್ನೋಣವೆ? ಖಂಡಿತವಾಗಿಯೂ ಅಲ್ಲ. ಕರಾವಳಿಯಿಂದ ಬಂದ ಒಬ್ಬನು ಚಿಕ್ಕಂದಿನಿಂದ ತಾಳಮದ್ದಲೆಯನ್ನು ಕೇಳಿರುತ್ತಾನೆ. ಗಣವೆಂದರೇನೆಂದು ಅವನಿಗೆ ಗೊತ್ತಿಲ್ಲ, ಗಣ ತಪ್ಪಿದರೆ ಮಾತ್ರ ಅವನ ಮುಖ ಸಿಂಡರಿಸುತ್ತದೆ. ಮತ್ತೊಬ್ಬಳು ಪ್ರೌಢಶಾಲೆಯಲ್ಲಿ ಗುರುಲಘುವಿನ ನಿಯಮಗಳನ್ನು ಅಚ್ಚುಕಟ್ಟಾಗಿ ಕಲಿತಿದ್ದಾಳೆ, ಒಂದು ಕಾವ್ಯವಾಚನವನ್ನೂ ಕೇಳಿದವಳಲ್ಲ. ಮೂರನೆಯವನಿಗೆ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂಬುದೇ ಹೊಸದು. ಈ ಮೂವರ ಭೇದ ನಿಜವಾದ ಭೇದ. ಅದು ಇಂದ್ರಿಯದ ಭೇದವಲ್ಲ, ಬರುವಾಗ ತಂದ ಬುತ್ತಿಯ ಭೇದ. ವಿದ್ಯಾರ್ಥಿಗೆ ಮೊದಲೇ ಏನು ಗೊತ್ತಿದೆಯೆಂಬುದು ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಣಯಿಸುತ್ತದೆಂದು ಡೇವಿಡ್ ಆಸುಬೆಲ್ ೧೯೬೮ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅರ್ಧ ಶತಮಾನದ ಪ್ರಯೋಗಗಳು ಆ ಮಾತನ್ನು ಅಲುಗಿಸಿಲ್ಲ.

ಪೂರ್ವಜ್ಞಾನವು ಬೋಧನಕ್ರಮವನ್ನೇ ತಲೆಕೆಳಗು ಮಾಡಬಲ್ಲದೆಂಬುದಕ್ಕೆ ಸ್ಲಾವಾ ಕಲ್ಯುಗ, ಜಾನ್ ಸ್ವೆಲರ್ ಮೊದಲಾದವರು ೨೦೦೩ರಲ್ಲಿ ಸಂಗ್ರಹಿಸಿದ ಪ್ರಯೋಗಗಳು ಸಾಕ್ಷಿ. ಹೊಸಬನಿಗೆ ಪೂರ್ತಿ ಬಿಡಿಸಿ ತೋರಿಸಿದ ಲೆಕ್ಕ ಉಪಕಾರಿ, ತಾನೇ ಬಿಡಿಸೆಂದರೆ ಅವನು ಎಲ್ಲೆಲ್ಲೋ ಅಲೆಯುತ್ತಾನೆ. ನುರಿತವನಿಗೆ ಅದೇ ಬಿಡಿಸಿದ ಲೆಕ್ಕ ಅಡ್ಡಿ. ಗೊತ್ತಿರುವುದನ್ನು ಮತ್ತೆ ಓದಿ ತನ್ನ ತಿಳಿವಳಿಕೆಯೊಡನೆ ಹೊಂದಿಸಿಕೊಳ್ಳುವ ವ್ಯರ್ಥ ಶ್ರಮ ಅವನ ಪಾಲಿಗೆ ಬರುತ್ತದೆ. ಕಾರಣ ಸರಳ. ಒಂದು ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಅಂಶಗಳು ಕೆಲವೇ ಕೆಲವು. ‘ಬಂದಿತು’ ಎಂಬುದು ಹೊಸಬನಿಗೆ ಮೂರು ಅಕ್ಷರ, ಒಂದು ಬಿಂದು, ಒಂದು ನಿಯಮ, ಒಂದು ಕೂಡಿಕೆ; ಬಲ್ಲವನಿಗೆ ಒಂದು ಗಣ, ಅಷ್ಟೆ. ಆದಕಾರಣ ಒಂದೇ ಹಲಗೆಯ ಬರಹ ಒಬ್ಬನಿಗೆ ಭಾರ, ಇನ್ನೊಬ್ಬನಿಗೆ ಬೇಸರ. ಪಾಠವನ್ನು ಹೊಂದಿಸಬೇಕಾದದ್ದು ಇಲ್ಲಿ. ಈ ಹೊಂದಿಕೆ ಶಾಶ್ವತವಾದುದಲ್ಲವೆಂಬುದನ್ನೂ ಗಮನಿಸಬೇಕು: ಇಂದು ಹೊಸಬನಾದವನು ಇನ್ನೆರಡು ತಿಂಗಳಿಗೆ ಹೊಸಬನಲ್ಲ. ಷಟ್ಪದಿಯಲ್ಲಿ ಹಿಂದಿದ್ದವಳು ಭಾಷಾವಿಜ್ಞಾನದಲ್ಲಿ ಮುಂದಿರಬಹುದು.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಎತ್ತದೆ ಹೋಗುವುದು ಅಪ್ರಾಮಾಣಿಕವಾದೀತು. ಕರ್ನಾಟಕದ ಕಾಲೇಜುಗಳಲ್ಲಿ ಮಂದಬುದ್ಧಿಯೆಂದು ಕಾಣುವುದರಲ್ಲಿ ಎಷ್ಟು ಭಾಗ ಮಾಧ್ಯಮದ ಬದಲಾವಣೆಯ ಫಲವೆಂಬುದನ್ನು ನಾವು ಸಾಕಷ್ಟು ವಿಚಾರಮಾಡಿಲ್ಲ. ನಮ್ಮಲ್ಲೊಬ್ಬರು ಹಿಂದೆ ಒಂದು ಕಾಲೇಜಿನಲ್ಲಿ ಕಂಡ ಸಂಗತಿಯನ್ನು ಹೇಳುತ್ತೇವೆ. ಪ್ರಥಮ ವರ್ಷದ ಭೌತಶಾಸ್ತ್ರದ ತರಗತಿ. ಸ್ಪೀಡಿಗೂ ವೆಲಾಸಿಟಿಗೂ ಭೇದವೇನೆಂದು ಅಧ್ಯಾಪಕರು ಇಂಗ್ಲಿಷಿನಲ್ಲಿ ಕೇಳಿದಾಗ ಒಬ್ಬ ಹುಡುಗನು ಎದ್ದುನಿಂತು ಸುಮ್ಮನಿದ್ದನು. ಅವನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ತರಗತಿ ಮುಗಿದ ಮೇಲೆ ಜಗಲಿಯಲ್ಲಿ, ‘ಅಲ್ಲಪ್ಪಾ, ಜವ ಬೇರೆ ವೇಗ ಬೇರೆ ಅಂತ ಓದಿದ್ದೀಯಲ್ಲ?’ ಎಂದು ಕೇಳಿದ್ದಾಯಿತು. ಹುಡುಗ ತಡವರಿಸದೆ ಹೇಳಿದನು: ‘ಓದಿದ್ದೀನಿ ಸಾರ್. ನಮ್ಮೂರ ಕಲ್ಯಾಣಿ ಸುತ್ತ ಒಂದೇ ಸಮ ನಡೆದರೆ ಜವ ಬದಲಾಗೋದಿಲ್ಲ. ಮೂಲೇಲಿ ತಿರುಗಿದಾಗೆಲ್ಲ ವೇಗ ಬದಲಾಗುತ್ತೆ, ದಿಕ್ಕು ಬೇರೆಯಾಯ್ತಲ್ಲ.’ ಅವನಿಗೆ ಬೇಕಾಗಿದ್ದುದು ಎರಡು ಹೆಸರುಗಳು ಮಾತ್ರ; ವಸ್ತು ಅವನಲ್ಲಿ ಆಗಲೇ ಇತ್ತು. ಆದರೆ ತರಗತಿಯಲ್ಲಿ ಅವನಿಗೆ ವಸ್ತುವನ್ನೇ ಮೊದಲಿನಿಂದ ಹೇಳಲಾಗುತ್ತಿತ್ತು, ಅದೂ ಅವನಿಗೆ ತಿಳಿಯದ ಹೆಸರುಗಳಲ್ಲಿ. ಆ ಕಾಲೇಜಿನಲ್ಲಿ ವರ್ಷಾರಂಭದಲ್ಲಿ ಎಲ್ಲರಿಗೂ ಕಲಿಕೆಯ ಶೈಲಿಯ ಪ್ರಶ್ನಾವಳಿಯನ್ನು ಕೊಟ್ಟಿದ್ದರು. ಆ ಹುಡುಗನ ಶೈಲಿ ‘ದೃಶ್ಯ’ವೆಂದು ಬಂದಿತ್ತು. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಅರ್ಥವಾಗದ ಕಡೆಗಳಲ್ಲೆಲ್ಲ ಮೊದಲನೆಯ ಉತ್ತರಕ್ಕೆ ಗುರುತು ಹಾಕಿದೆನೆಂದು ಅವನೇ ನಕ್ಕು ಹೇಳಿದನು.

ಹೆಸರುಪಟ್ಟಿಯ ಅಪಾಯ ಇಲ್ಲಿಗೇ ಮುಗಿಯುವುದಿಲ್ಲ. ತಾನು ಕೇಳಿ ಕಲಿಯುವವನೆಂದು ಪತ್ರ ಪಡೆದ ವಿದ್ಯಾರ್ಥಿ ಓದುವುದನ್ನು ಬಿಡುವುದಕ್ಕೆ ಒಂದು ಶಾಸ್ತ್ರೀಯ ನೆಪವನ್ನು ಪಡೆದಂತಾಯಿತು. ಓದಲು ಕಷ್ಟವಾಗುವವನಿಗೆ ಓದುವ ಅಭ್ಯಾಸವೇ ಔಷಧ. ಶೈಲಿವಾದ ಅವನಿಂದ ಔಷಧವನ್ನು ಕಿತ್ತುಕೊಂಡು ಅದಕ್ಕೆ ಸಹಾನುಭೂತಿಯೆಂದು ಹೆಸರಿಡುತ್ತದೆ.

ಇಲ್ಲಿ ಒಂದು ವಿಷಯವನ್ನು ಪ್ರತ್ಯೇಕಿಸಬೇಕು. ದೃಷ್ಟಿಯಿಲ್ಲದ, ಶ್ರವಣವಿಲ್ಲದ ವಿದ್ಯಾರ್ಥಿಗಳ ಅಗತ್ಯ ಶೈಲಿಯ ಮಾತಲ್ಲ. ೨೦೧೬ರ ವಿಕಲಾಂಗರ ಹಕ್ಕುಗಳ ಅಧಿನಿಯಮವು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥವರಿಗೆ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿಹೇಳುವುದು, ಪಾಠದ ಪ್ರತಿಯನ್ನು ಕಂಪ್ಯೂಟರು ಓದಬಲ್ಲ ಅಕ್ಷರರೂಪದಲ್ಲಿ ಕೊಡುವುದು ಅಧ್ಯಾಪಕರ ದಾಕ್ಷಿಣ್ಯವಲ್ಲ, ವಿದ್ಯಾರ್ಥಿಯ ಹಕ್ಕು. ಇಲ್ಲಿಯೂ ವಸ್ತು ಎರಡನ್ನೂ ಬೇಡುತ್ತದೆ: ದೃಷ್ಟಿಯಿಲ್ಲದವನಿಗೆ ಷಟ್ಪದಿಯನ್ನು ಹಾಡಿ ಕೇಳಿಸಿದರೆ ಸಾಲದು, ಗುರುಲಘುಗಳ ವಿನ್ಯಾಸ ಬೆರಳಿಗೆ ಸಿಕ್ಕುವಂತೆ ಬ್ರೈಲಿನಲ್ಲಿಯೋ ಉದ್ದ ಗಿಡ್ಡ ಕಡ್ಡಿಗಳಲ್ಲಿಯೋ ಒದಗಿಸಬೇಕು.

ಮಟ್ಟಕ್ಕೆ ತಕ್ಕಂತೆ ಪಾಠವನ್ನು ಹೊಂದಿಸುವುದು ದೊಡ್ಡ ಪ್ರಮಾಣದಲ್ಲಿ ಸಾಧ್ಯವೆ? ನಮ್ಮ ದೇಶದಲ್ಲಿಯೇ ಇದಕ್ಕೆ ದೃಷ್ಟಾಂತಗಳಿವೆ, ಅವು ಪ್ರಾಥಮಿಕ ಶಾಲೆಗಳಿಗೆ ಸೇರಿದವು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ನಾಲ್ವರು ೨೦೦೭ರಲ್ಲಿ ಪ್ರಕಟಿಸಿದ ಲೇಖನವು ಮುಂಬಯಿ ಮತ್ತು ವಡೋದರಾ ನಗರಗಳ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ‘ಬಾಲಸಖಿ’ ಯೋಜನೆಯನ್ನು ವಿಮರ್ಶಿಸುತ್ತದೆ. ಹಿಂದುಳಿದ ಮಕ್ಕಳನ್ನು ದಿನದ ಒಂದು ಭಾಗ ಹೊರಗೆ ಕರೆದೊಯ್ದು, ಆ ಬೀದಿಯವಳೇ ಆದ ಒಬ್ಬ ತರುಣಿ ಅವರ ಮಟ್ಟದ ಓದು ಲೆಕ್ಕಗಳನ್ನು ಹೇಳಿಕೊಡುತ್ತಿದ್ದಳು. ಎರಡನೆಯ ವರ್ಷದ ಕೊನೆಗೆ ಅಂಕಗಳು ಸರಾಸರಿಯಲ್ಲಿ ೦.೨೮ ಮಾನಕ ವಿಚಲನೆಯಷ್ಟು ಏರಿದುವು. ಆ ಏರಿಕೆಯ ಹೆಚ್ಚಿನ ಪಾಲು ತೀರ ಕೆಳಗಿದ್ದ ಮಕ್ಕಳದು. ಅವಳು ಮಕ್ಕಳ ಶೈಲಿಯನ್ನು ಅಳೆಯಲಿಲ್ಲ. ಅಕ್ಷರ ಬಾರದವನಿಗೆ ಅಕ್ಷರ ಹೇಳಿದಳು.

ಕರ್ನಾಟಕದ ನಲಿಕಲಿ ಇದಕ್ಕಿಂತಲೂ ಹಳೆಯದು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿಬಂದ ಅಧ್ಯಾಪಕರಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾಗಿ, ೨೦೦೯–೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಕಲಿಯಬೇಕಾದದ್ದನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ಯ ಮೇಲೆ ಜೋಡಿಸಿದ್ದಾರೆ, ಪ್ರತಿ ಮೆಟ್ಟಿಲಿಗೂ ಕಾರ್ಡುಗಳಿವೆ. ಮಗು ಯಾವ ಮೆಟ್ಟಿಲಿನಲ್ಲಿದೆಯೋ ಅದಕ್ಕೆ ತಕ್ಕ ‘ತಟ್ಟೆ’ಯಲ್ಲಿ ಕುಳಿತುಕೊಳ್ಳುತ್ತದೆ: ಒಂದರಲ್ಲಿ ಶಿಕ್ಷಕರ ಪೂರ್ಣ ಬೆಂಬಲ, ಒಂದರಲ್ಲಿ ಭಾಗಶಃ ಬೆಂಬಲ, ಒಂದರಲ್ಲಿ ಗೆಳೆಯರ ಬೆಂಬಲ, ಕೊನೆಗೆ ಸ್ವಕಲಿಕೆ. ಹಬ್ಬಕ್ಕೋ ಸುಗ್ಗಿಗೋ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕ್ಯಾಂಬೆಲ್ಲನು ಕಂಡ ಬಳ್ಳಾರಿಯ ಶಾಲೆಯ ಅಂಶವೊಂದು ಇದರಲ್ಲಿದೆಯೆಂದರೆ ತಪ್ಪಾಗದು. ಆಚರಣೆಯಲ್ಲಿ ಕೊರತೆಗಳೂ ಉಂಟು. ಕಾರ್ಡುಗಳು ಹರಿದು ಹೋದ ಶಾಲೆಯಲ್ಲಿ, ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನೋಡಿಕೊಳ್ಳುವಲ್ಲಿ, ತಟ್ಟೆಗಳು ಬರಿಯ ಕುಳಿತುಕೊಳ್ಳುವ ಸ್ಥಳಗಳಾಗಿಬಿಡುತ್ತವೆ.

ಕಾಲೇಜಿನಲ್ಲಿ ಏಣಿಯನ್ನೂ ತಟ್ಟೆಗಳನ್ನೂ ಇಡಲಾಗದು. ತೊಂಬತ್ತು ಮಂದಿ, ಐವತ್ತೈದು ನಿಮಿಷ, ಮುಗಿಸಬೇಕಾದ ಪಠ್ಯ. ಆದರೂ ಕೆಲವು ಕೆಲಸ ಸಾಧ್ಯ. ಹೊಸ ಅಧ್ಯಾಯವನ್ನು ತೊಡಗುವ ಮೊದಲು ಅದಕ್ಕೆ ಆಧಾರವಾದ ಮೂರು ಪ್ರಶ್ನೆಗಳನ್ನು ಚೀಟಿಯ ಮೇಲೆ ಕೇಳುವುದು ಅವುಗಳಲ್ಲಿ ಮೊದಲನೆಯದು. ಉತ್ತರವನ್ನು ಕನ್ನಡದಲ್ಲಿ ಬರೆಯಲೂ ಅವಕಾಶವಿರಬೇಕು, ಇಲ್ಲದಿದ್ದರೆ ನಾವು ಅಳೆಯುವುದು ಭಾಷೆಯನ್ನೇ ಹೊರತು ವಿಷಯವನ್ನಲ್ಲ. ಒಂದು ಚೀಟಿಗೆ ಅರ್ಧ ನಿಮಿಷವೆಂದರೆ ತೊಂಬತ್ತಕ್ಕೆ ಮುಕ್ಕಾಲು ಗಂಟೆ. ಷಟ್ಪದಿಯ ಪಾಠಕ್ಕೆ ಮುಂಚೆ ಹೀಗೆ ಮಾಡಿ, ಮೊದಲ ಪದ್ಯಕ್ಕೆ ಪೂರ್ತಿ ಪ್ರಸ್ತಾರ ಹಾಕಿಕೊಟ್ಟು, ಎರಡನೆಯದಕ್ಕೆ ಅರ್ಧ ಹಾಕಿ, ಮೂರನೆಯದನ್ನು ಬರಿದಾಗಿ ಕೊಟ್ಟರೆ ಹಿಂದಿದ್ದವನು ಮೊದಲನೆಯದರಿಂದಲೂ ಬಲ್ಲವನು ನೇರವಾಗಿ ಮೂರನೆಯದರಿಂದಲೂ ತೊಡಗಬಹುದು. ಒಂದೇ ಹಾಳೆ, ಎರಡು ಪ್ರವೇಶದ್ವಾರ.

ಪಕ್ಕದವನೊಡನೆ ಚರ್ಚಿಸುವ ಕ್ರಮವನ್ನು ಹಾರ್ವರ್ಡಿನ ಭೌತಶಾಸ್ತ್ರದ ಅಧ್ಯಾಪಕ ಎರಿಕ್ ಮಜೂರ್ ೧೯೯೧ರಿಂದ ರೂಢಿಸಿದರು. ಅಧ್ಯಾಪಕರು ತತ್ತ್ವವನ್ನು ಕುರಿತು ಒಂದು ಪ್ರಶ್ನೆಯನ್ನು ಹಾಕುತ್ತಾರೆ, ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಆರಿಸಿಕೊಳ್ಳುತ್ತಾರೆ, ಬಳಿಕ ಬೇರೆ ಉತ್ತರ ಕೊಟ್ಟ ನೆರೆಯವನನ್ನು ಒಪ್ಪಿಸಲು ಪ್ರಯತ್ನಿಸುತ್ತಾರೆ, ಮತ್ತೊಮ್ಮೆ ಉತ್ತರಿಸುತ್ತಾರೆ. ಈಗತಾನೆ ಅರ್ಥಮಾಡಿಕೊಂಡವನಿಗೆ ಎಡವುವ ಕಲ್ಲು ಎಲ್ಲಿದೆಯೆಂದು ಇನ್ನೂ ನೆನಪಿರುತ್ತದೆ, ನಮಗೆ ಮರೆತಿರುತ್ತದೆ. ಈ ಚರ್ಚೆಗೆ ಮಾತಿನ ನಿರ್ಬಂಧ ಸಲ್ಲದು. ಮನೆಮಾತಿನಲ್ಲಿ ಜಗಳವಾಡಿಯೇ ಅರ್ಥವಾಗುವ ವಿಷಯಗಳಿವೆ.

ಎಲ್ಲ ಬಗೆಯವರಿಗೂ ಒಂದೇ ಸಮನಾಗಿ ಸಲ್ಲುವ ಉಪಾಯಗಳೂ ಇವೆಯೆಂಬುದನ್ನು ಭೇದದ ಉತ್ಸಾಹದಲ್ಲಿ ಮರೆಯಬಾರದು. ರೋಡಿಗರ್ ಮತ್ತು ಕಾರ್ಪಿಕೆ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷಗಳ ಮೇಲೆ ನೋಡಿದರೆ ಮರಳಿ ಓದಿದವರೇ ಮುಂದು. ಒಂದು ವಾರ ಬಿಟ್ಟು ನೋಡಿದರೆ ಬರೆದವರಿಗೆ ನೂರಕ್ಕೆ ೫೬, ಓದಿದವರಿಗೆ ೪೨ ಅಂಶಗಳು ಉಳಿದಿದ್ದುವು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನು ಮೂರು ಸಲ ತಿರುವಿ ಎಲ್ಲ ಬಂತೆಂದುಕೊಳ್ಳುವ ವಿದ್ಯಾರ್ಥಿಗಳಿಗೆ ಈ ಎರಡು ಸಂಖ್ಯೆಗಳನ್ನು ವರ್ಷಾರಂಭದಲ್ಲಿಯೇ ತಿಳಿಸುವುದು, ಯಾವ ಶೈಲಿಪತ್ರವನ್ನು ಕೊಡುವುದಕ್ಕಿಂತಲೂ ಮೇಲು.

ಗುಂಪು ಮಾಡುವುದರ ವಿಷಯದಲ್ಲಿ ನಮಗೆ ಅಳುಕುಂಟು. ಮಟ್ಟದ ಹೆಸರಿನಲ್ಲಿ ವರ್ಷಪೂರ್ತಿ ‘ಅ’ ವಿಭಾಗ ‘ಬ’ ವಿಭಾಗವೆಂದು ಮಾಡಿದ ಕಡೆಗಳಲ್ಲಿ ಆ ಗೆರೆ ಬಹುಬೇಗ ಊರು-ನಗರ, ಕನ್ನಡ-ಇಂಗ್ಲಿಷ್, ಕೆಲವೊಮ್ಮೆ ಜಾತಿಯ ಗೆರೆಯೂ ಆಗಿಬಿಡುತ್ತದೆ. ‘ಬ’ ವಿಭಾಗಕ್ಕೆ ಅತಿಥಿ ಉಪನ್ಯಾಸಕರು, ‘ಅ’ ವಿಭಾಗಕ್ಕೆ ಹಿರಿಯರು ಎಂಬ ಏರ್ಪಾಡೂ ಅದರ ಹಿಂದೆಯೇ ಬರುತ್ತದೆ. ಆದುದರಿಂದ ಗುಂಪು ಅಧ್ಯಾಯಕ್ಕೆ ಮಾತ್ರ ಇರಲಿ, ಅಧ್ಯಾಯ ಮುಗಿದೊಡನೆ ಒಡೆಯಲಿ ಎಂಬುದು ನಮ್ಮ ಅಭಿಪ್ರಾಯ. ಚೀಟಿಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಅವನ್ನು ಆಂತರಿಕ ಮೌಲ್ಯಮಾಪನದ ಅಂಕಗಳಿಗೆ ಸೇರಿಸಿಬಿಡುವ ಆಸೆ ಪ್ರತಿಯೊಬ್ಬ ಅಧ್ಯಾಪಕರಿಗೂ ಬರುತ್ತದೆ, ಏಕೆಂದರೆ ಅಷ್ಟು ಕೆಲಸ ಮಾಡಿದ್ದೇವೆ, ದಾಖಲೆಯೂ ಕೈಯಲ್ಲಿದೆ. ಅಂಕ ಸೇರಿದ ಮರುವಾರದಿಂದಲೇ ಉತ್ತರಗಳು ನೆರೆಯವನ ಚೀಟಿಯಿಂದ ಬರತೊಡಗುತ್ತವೆ. ಯಾರಿಗೆ ಏನು ಗೊತ್ತಿಲ್ಲವೆಂಬುದು ಮತ್ತೆ ಮರೆಯಾಗುತ್ತದೆ.